ನಿಮಿಷಕ್ಕೆ ಎರಡು ಹನಿ

ಮಂಗಳೂರಿನಿಂದ ಲೋಡು ಹೊತ್ತ ಲಾರಿ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರಿಗೆ ಬಿತ್ತೆಂದರೆ ಇಂಜಿನ್ನಿನ ದನಿಯೇ ಬದಲಾಗುತ್ತದೆ. ಗೇರು ಒಂದೊಂದಾಗಿ ಇಳಿಯುತ್ತದೆ. ವೇಗ ಸೈಕಲ್ ತುಳಿಯುವವನ ವೇಗಕ್ಕೆ ಬರುತ್ತದೆ. ಇಂಜಿನ್ ತನ್ನಲ್ಲಿರುವ ಬಲವನ್ನೆಲ್ಲ ಹಾಕಿ ದುಡಿಯುವುದು ಇಲ್ಲಿ. ಆದರೆ ಬಯಲುಸೀಮೆಯ ರಸ್ತೆಯಲ್ಲಿ ರೇಡಿಯೇಟರಿಗೆ ಬಡಿಯುವ ಎದುರುಗಾಳಿ ಇಲ್ಲಿ ಸಿಗುವುದಿಲ್ಲ. ಫ್ಯಾನ್ ಎಳೆದುಕೊಂಡಷ್ಟೇ ಗಾಳಿ. ಇಂಜಿನ್ನಿನ ಆರೋಗ್ಯ ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಆ ಏರಿನಲ್ಲಿ ಒಂದು ಹತ್ತು ಚಕ್ರದ ಲಾರಿ ಪಕ್ಕಕ್ಕೆ ನಿಂತಿತ್ತು. ಮುಂಭಾಗದಿಂದ ಆವಿ ಏಳುತ್ತಿತ್ತು. ಚಾಲಕ ಅನುಭವಸ್ಥ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕದೆ ಗಾಡಿ ತಣ್ಣಗಾಗಲೆಂದು ಕಾಯುತ್ತಿದ್ದ. ಕ್ಲೀನರ್ ಹುಡುಗ ಹಳೆಯ ಆಯಿಲ್ ಕ್ಯಾನಿನಲ್ಲಿ ಪಕ್ಕದ ಹಳ್ಳದಿಂದ ನೀರು ತಂದ.

"ಎಷ್ಟು ದಿನಕ್ಕೊಂದ್ಸಲ ಹಾಕ್ತೀರಣ್ಣಾ?" ಎಂದು ಕೇಳಿದೆ.

"ವಾರಕ್ಕೊಂದು ಲೀಟರ್ ಕುಡಿಯುತ್ತೆ ಸಾರ್. ಜಾಸ್ತಿ ಏನಿಲ್ಲ."

"ಎಲ್ಲಿ ಸೋರ್ತಿದೆ?"

"ಸೋರಲ್ಲ ಸಾರ್. ಕೆಳಗೆ ಒಂದ್ ಹನಿನೂ ಬೀಳಲ್ಲ. ಹಂಗೇ ಕುಡಿಯುತ್ತೆ."

ಟ್ಯಾಂಕಿನಲ್ಲಿ ಉಳಿದಿದ್ದ ನೀರಿಗೆ ತೀರಾ ತೆಳುವಾದ ಗುಲಾಬಿ ಬಣ್ಣ. ಎಂಟು ತಿಂಗಳ ಹಿಂದೆ ಮಾಲೀಕರು ದುಬಾರಿಯ ದೀರ್ಘಾಯುಷ್ಯದ ಕೂಲಂಟ್ ಹಾಕಿಸಿದ್ದರಂತೆ, ಐದಾರು ವರ್ಷ ಮುಟ್ಟುವ ಹಾಗಿಲ್ಲ ಎಂದು ಹೇಳಿ. ಹೊಸದಾಗಿ ಹಾಕಿದಾಗ ಅದು ಗಾಢ ಗುಲಾಬಿ ಬಣ್ಣ ಇತ್ತು ಎಂದು ಚಾಲಕನೇ ಹೇಳಿದ.

ಆ ಮಸುಕು ಬಣ್ಣ ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಆ ಗಾತ್ರದ ಲಾರಿಯ ಕೂಲಿಂಗ್ ವ್ಯವಸ್ಥೆಯಲ್ಲಿ ಸುಮಾರು 30 ಲೀಟರ್ ಇರುತ್ತದೆ ಎಂದಿಟ್ಟುಕೊಳ್ಳಿ. ವಾರಕ್ಕೆ ಒಂದು ಲೀಟರ್ ಸೋರಿ, ಅದರ ಜಾಗಕ್ಕೆ ಒಂದು ಲೀಟರ್ ಬರೀ ನೀರು ಬಿದ್ದರೆ, ಪ್ರತಿ ವಾರ ಇದ್ದದ್ದರಲ್ಲಿ ಮೂವತ್ತರಲ್ಲಿ ಒಂದು ಪಾಲು ಔಷಧ, ಅಂದರೆ ಕೂಲಂಟಿನಲ್ಲಿರುವ ಲೋಹ ಕಾಯುವ ರಸಾಯನ, ಹೊರಗೆ ಹೋಗುತ್ತದೆ. ಐದು ತಿಂಗಳಿಗೆ ಅರ್ಧ ಖಾಲಿ. ಎಂಟು ತಿಂಗಳಿಗೆ ಉಳಿಯುವುದು ಮೂರರಲ್ಲಿ ಒಂದು ಪಾಲು. ಒಂದು ವರ್ಷ ತುಂಬುವಾಗ ಶೇ. 17 ಮಾತ್ರ. ಡಬ್ಬಿಯ ಮೇಲೆ ಆರು ವರ್ಷ ಎಂದು ಬರೆದಿರಲಿ, ಹತ್ತು ವರ್ಷ ಎಂದು ಬರೆದಿರಲಿ, ಈ ಲಾರಿಯ ಮಟ್ಟಿಗೆ ಆ ಕೂಲಂಟ್ ವರ್ಷದೊಳಗೇ ಸತ್ತುಹೋಯಿತು.

ವಾರಕ್ಕೆ ಒಂದು ಲೀಟರ್ ಎಂದರೆ ಎಷ್ಟು ಸೋರಿಕೆ? ನಿಮಿಷಕ್ಕೆ ಎರಡು ಹನಿ. ಅಷ್ಟೇ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿಯಂತೆ ಎಣಿಸಿದರೆ ದಿನಕ್ಕೆ ಸುಮಾರು 144 ಮಿಲಿಲೀಟರ್, ಒಂದು ಸಣ್ಣ ಲೋಟ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಚಾಲಕ ಸುಳ್ಳು ಹೇಳಿರಲಿಲ್ಲ, ಕೆಳಗೆ ನಿಜಕ್ಕೂ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಗಾಡಿ ನೀರು ಕುಡಿಯುತ್ತದೆ ಎಂಬ ಮಾತು ನಮ್ಮ ಲಾರಿ ಲೋಕದಲ್ಲಿ ಮಾಡಿರುವಷ್ಟು ಹಾನಿಯನ್ನು ಬೇರೆ ಯಾವ ಮಾತೂ ಮಾಡಿಲ್ಲ ಎಂದು ನನಗನ್ನಿಸುತ್ತದೆ. ಗಾಡಿ ನೀರು ಕುಡಿಯುವುದಿಲ್ಲ. ಕೂಲಿಂಗ್ ವ್ಯವಸ್ಥೆ ಮುಚ್ಚಿದ ಪಾತ್ರೆ. ಮಟ್ಟ ಇಳಿಯಿತೆಂದರೆ ಎಲ್ಲೋ ತೂತಿದೆ.

ಕೂಲಂಟ್ ಎಂದರೆ ಹಿಮ ಬೀಳುವ ದೇಶದವರಿಗೆ ಬೇಕಾದ ಸಾಮಾನು, ನಮಗೇಕೆ ಎನ್ನುವವರು ಇಂದಿಗೂ ಇದ್ದಾರೆ. ಆಂಟಿಫ್ರೀಜ್ ಎಂಬ ಹಳೆಯ ಹೆಸರು ಮಾಡಿದ ಕಿತಾಪತಿ ಇದು. ಬೆಂಗಳೂರಿನ ಮೇಲೆ ಹಾದುಹೋಗುವ 44ನೇ ಹೆದ್ದಾರಿಯ ಆ ತುದಿಯಲ್ಲಿ ಶ್ರೀನಗರವಿದೆ, ಅಲ್ಲಿಗೆ ಹೋಗುವ ಗಾಡಿಗೆ ನೀರು ಹೆಪ್ಪುಗಟ್ಟುವ ಚಿಂತೆ ನಿಜವೇ. ಆದರೆ ಹಾಸನ, ದಾವಣಗೆರೆ, ಹುಬ್ಬಳ್ಳಿ ಬಿಟ್ಟು ಹೋಗದ ಗಾಡಿಗೂ ಕೂಲಂಟ್ ಬೇಕು. ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಶಾಖವಾಗಿ ಈ ನೀರಿಗೇ ಬಂದು ಸೇರುತ್ತದೆ. ಅದನ್ನು ಹೊತ್ತು ರೇಡಿಯೇಟರಿಗೆ ಸಾಗಿಸುವುದು ಒಂದು ಕೆಲಸ. ಕುದಿಯದೆ ಇರುವುದು ಎರಡನೆಯದು. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ಸೀಸ, ರಬ್ಬರು ಎಲ್ಲವನ್ನೂ ಸವೆಯದಂತೆ ಕಾಯುವುದು ಮೂರನೆಯದು. ಮೊದಲ ಕೆಲಸದಲ್ಲಿ ಬರೀ ನೀರನ್ನು ಮೀರಿಸುವ ದ್ರವವಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅದಕ್ಕೇ ಕೂಲಂಟಿನಲ್ಲಿ ನೀರಿನ ಜೊತೆ ಬೆರೆಯುವ ಗ್ಲೈಕಾಲನ್ನೇ ಶುದ್ಧವಾಗಿ ತುಂಬಿಸಿದರೆ ಗಾಡಿ ಇನ್ನೂ ಹೆಚ್ಚು ಹೀಟಾಗುತ್ತದೆ. ನೀರು ಸೋಲುವುದು ಉಳಿದೆರಡರಲ್ಲಿ.

ಕುದಿಯುವ ವಿಷಯ ಮನೆಯ ಕುಕ್ಕರಿನಿಂದಲೇ ತಿಳಿಯುತ್ತದೆ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಸಮುದ್ರಮಟ್ಟದಲ್ಲಿ ಅದು ಸುಮಾರು 108 ಡಿಗ್ರಿಯವರೆಗೆ ತಡೆಯುತ್ತದೆ. ಅದರ ಮೇಲೆ ಒಂದು ವಾತಾವರಣದಷ್ಟು ಒತ್ತಡ ಹಿಡಿಯುವ ಮುಚ್ಚಳ ಹಾಕಿದರೆ 125 ದಾಟುತ್ತದೆ. ಆ ಮುಚ್ಚಳ ಕುಕ್ಕರಿನ ಸೀಟಿ ಮಾಡುವ ಕೆಲಸವನ್ನೇ ಮಾಡುತ್ತದೆ. ಗ್ಯಾಸ್ಕೆಟ್ ಸೀಳಿದ ಕುಕ್ಕರಿನಲ್ಲಿ ಬೇಳೆ ಬೇಯದ ಹಾಗೆ, ರಬ್ಬರು ಸತ್ತ ಮುಚ್ಚಳದ ಲಾರಿ ಘಾಟಿಯಲ್ಲಿ ಕುದಿಯುತ್ತದೆ. ಹೀಟಾಗುತ್ತಿದೆ ಎಂದು ರೇಡಿಯೇಟರ್ ಬಿಚ್ಚಿಸಿ, ಸಾವಿರಾರು ರೂಪಾಯಿ ಖರ್ಚು ಮಾಡಿ, ಕೊನೆಗೆ ಮುಚ್ಚಳವೇ ಕಾರಣ ಎಂದು ಗೊತ್ತಾದ ಲಾರಿಗಳು ಬೇಕಾದಷ್ಟಿವೆ.

ಲೋಹ ಕಾಯುವ ಕೆಲಸ ಇದಕ್ಕಿಂತ ದೊಡ್ಡದು. ಅದು ನನಗೆ ಅರ್ಥವಾದದ್ದು ನಮ್ಮ ಚಿಕ್ಕಪ್ಪನ ಲಾರಿಯಿಂದ. ಚಿಕ್ಕಪ್ಪ ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಇಂಜಿನ್ ಆಯಿಲ್, ಫಿಲ್ಟರ್, ಗ್ರೀಸು. ರೇಡಿಯೇಟರಿಗೆ ಮಾತ್ರ ಮನೆಯ ಬೋರ್‌ವೆಲ್ ನೀರು. ಒಂದು ದಿನ ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇಂಜಿನ್ ಇಳಿಸಿದರು. ಮೇಸ್ತ್ರಿ ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಒಂದನ್ನು ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಚಿಕ್ಕಪ್ಪನ ಕೈಗೆ ಕೊಟ್ಟರು. ಒಳಮೈ ಕನ್ನಡಿಯಂತಿತ್ತು. ಹೊರಮೈಯ ಒಂದು ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ನುಸಿ ಹಿಡಿದ ಜೋಳದಂತೆ ಸಣ್ಣ ಸಣ್ಣ ಗುಂಡಿ. ಮೇಸ್ತ್ರಿ ಲೈನರನ್ನು ಬಾಗಿಲ ಬೆಳಕಿಗೆ ಹಿಡಿದರು. ಒಂದು ಗುಂಡಿಯಿಂದ ಬೆಳಕು ಸೂಜಿಮೊನೆಯಷ್ಟು ಈಚೆ ಬಂತು. ಚಿಕ್ಕಪ್ಪ ಮಾತಾಡಲಿಲ್ಲ. ಆ ಬೆಳಕಿನ ಚುಕ್ಕಿಗೆ ಅವರು ಒಂದು ವರ್ಷದ ಸಂಪಾದನೆ ತೆತ್ತರು.

ಆ ಗುಂಡಿಗಳನ್ನು ತುಕ್ಕೊಂದೇ ಕೊರೆದದ್ದಲ್ಲ. ಡೀಸೆಲ್ ಹೊತ್ತಿಕೊಂಡು ಪಿಸ್ಟನ್ ಕೆಳಗೆ ದಬ್ಬಿದಾಗ ಅದು ಲೈನರಿನ ಒಂದು ಪಕ್ಕಕ್ಕೆ ಬಡಿಯುತ್ತದೆ. ಬಡಿದ ಗಂಟೆಯಂತೆ ಲೈನರು ಕಂಪಿಸುತ್ತದೆ. ಕಂಪಿಸುವ ಗೋಡೆ ನೀರಿನಿಂದ ಹಿಂದೆ ಸರಿದ ಕ್ಷಣದಲ್ಲಿ ಅಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ, ಮುಂದೆ ಬಂದ ಕ್ಷಣದಲ್ಲಿ ಒಡೆಯುತ್ತದೆ. ಒಡೆಯುವ ಪ್ರತಿ ಗುಳ್ಳೆಯೂ ಲೋಹದ ಮೇಲೆ ಒಂದು ಸಣ್ಣ ಉಳಿಯ ಏಟು. ಲಕ್ಷಗಟ್ಟಲೆ ಕಿಲೋಮೀಟರು ಓಡುವ ಲಾರಿಯಲ್ಲಿ ಇಂಥ ಏಟು ಬೀಳುತ್ತಲೇ ಇರುತ್ತದೆ. ಕೂಲಂಟಿನಲ್ಲಿರುವ ನೈಟ್ರೈಟ್, ಮಾಲಿಬ್ಡೇಟ್ ಅಥವಾ ಸಾವಯವ ಆಮ್ಲದ ಲವಣಗಳು ಲೈನರಿನ ಮೈಮೇಲೆ ತೆಳುವಾದ ಪೊರೆ ಕಟ್ಟುತ್ತವೆ. ಏಟು ಆ ಪೊರೆಗೆ ಬೀಳುತ್ತದೆ, ಹರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಪೊರೆ ಕಟ್ಟುವ ಔಷಧವೇ ಮುಗಿದಾಗ ಏಟು ನೇರವಾಗಿ ಲೋಹಕ್ಕೆ. ನೀರಿನ ಹಾದಿಯಲ್ಲಿಯೇ ಲೈನರು ನಿಂತಿರುವ ದೊಡ್ಡ ಡೀಸೆಲ್ ಇಂಜಿನ್ನುಗಳಿಗೆ ಈ ಕಾಟ ವಿಶೇಷ. ಅದಕ್ಕೇ ಕಾರಿನ ಕೂಲಂಟ್ ತಂದು ಲಾರಿಗೆ ಸುರಿಯಬಾರದು. ಡಬ್ಬಿಯ ಮೇಲೆ ಎ.ಎಸ್.ಟಿ.ಎಂ. ಡಿ 3306 ಎಂದಷ್ಟೇ ಇದ್ದರೆ ಅದು ಕಾರು, ಸಣ್ಣ ಗಾಡಿಗಳ ಸಾಮಾನು. ಭಾರದ ಡೀಸೆಲ್ಲಿಗೆ ಡಿ 6210 ಎಂದಿರಬೇಕು. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಗಾಡಿಯ ಜೊತೆ ಕೊಟ್ಟ ಪುಸ್ತಕ.

ಬೋರ್‌ವೆಲ್ ನೀರಿನ ಬಗ್ಗೆ ಒಂದು ಮಾತು. ಕುಡಿಯಲು ಚೆನ್ನಾಗಿದ್ದ ನೀರು ಇಂಜಿನ್ನಿಗೇಕೆ ಆಗದು ಎಂದು ಚಿಕ್ಕಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಅಂಕಿಗಳಲ್ಲಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐ.ಎಸ್. 10500. ಅದರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದ ಕಡೆ 600ರವರೆಗೂ ನಡೆಯುತ್ತದೆ. ಕ್ಲೋರೈಡ್ 250, ಗತಿಯಿಲ್ಲದಿದ್ದರೆ 1000. ಕೂಲಂಟಿಗೆ ಬೆರೆಸುವ ನೀರಿಗೆ ದೊಡ್ಡ ಇಂಜಿನ್ ತಯಾರಕರು ಹಾಕಿರುವ ಮಿತಿ ನೋಡಿ: ಗಡಸುತನ 170, ಕ್ಲೋರೈಡ್ ಬರೀ 40. ನಮ್ಮ ಹೊಟ್ಟೆಗಿಂತ ಇಂಜಿನ್ನಿನ ಹೊಟ್ಟೆ ನಾಜೂಕು. ಕೋಲಾರ, ತುಮಕೂರಿನ ಕಡೆಯ ಆಳದ ಬೋರಿನ ನೀರು ಕಾದಾಗ ಪಾತ್ರೆಯ ತಳಕ್ಕೆ ಬಿಳಿ ಗಸಿ ಅಂಟಿಸುತ್ತದಲ್ಲ, ಸಿಲಿಂಡರ್ ಹೆಡ್ಡಿನ ಇಕ್ಕಟ್ಟಿನ ದಾರಿಗಳಲ್ಲಿ ಅದೇ ಗಸಿ ಕೂರುತ್ತದೆ. ಗಸಿಗೆ ಶಾಖ ಸಾಗಿಸುವ ಶಕ್ತಿ ಬೀಡುಕಬ್ಬಿಣಕ್ಕಿರುವುದರ ಒಂದು ಸಣ್ಣ ಪಾಲು. ಮೀಟರಿನ ಮುಳ್ಳು ಸರಿಯಾಗಿಯೇ ಇರುತ್ತದೆ, ಹೆಡ್ಡು ಒಳಗೊಳಗೇ ಬೇಯುತ್ತಿರುತ್ತದೆ. ಮಲೆನಾಡಿನ ಹಳ್ಳದ ನೀರು ಈ ವಿಷಯದಲ್ಲಿ ಬೋರಿನ ನೀರಿಗಿಂತ ಮೃದು. ಆದರೆ ಅದರಲ್ಲಿಯೂ ಲೋಹ ಕಾಯುವ ಔಷಧವಿಲ್ಲ, ಮಳೆಗಾಲದಲ್ಲಿ ಮಣ್ಣು ಬೇರೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಖನಿಜ ತೆಗೆದ ನೀರು, ಇಲ್ಲವೇ ನೀರು ಬೆರೆಸಿಯೇ ಬರುವ ಸಿದ್ಧ ಕೂಲಂಟ್, ಇವೆರಡೇ ಸರಿಯಾದ ದಾರಿ.

ಇನ್ನು ದೀರ್ಘಾಯುಷ್ಯದ ಕೂಲಂಟಿನ ಮಾತು. ಹಳೆಯ ಬಗೆಯ ಕೂಲಂಟಿನಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳು ಒಳಮೈಗೆಲ್ಲ ಸುಣ್ಣ ಬಳಿದಂತೆ ಪದರ ಕಟ್ಟುತ್ತವೆ. ಎಲ್ಲ ಕಡೆ ಬಳಿಯುವುದರಿಂದ ಬೇಗ ಖರ್ಚಾಗುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ನಡುವೆ ಸರ್ವೀಸಿನಲ್ಲಿ ಔಷಧದ ಪ್ರಮಾಣ ಪರೀಕ್ಷಿಸಿ ಸೇರಿಸುತ್ತಿರಬೇಕು. ಸಾವಯವ ಆಮ್ಲದ ಲವಣಗಳಿರುವ ಹೊಸ ಬಗೆ ಹಾಗೆ ಬಳಿಯುವುದಿಲ್ಲ, ಸವೆತ ಶುರುವಾಗುವ ಜಾಗಕ್ಕೆ ಹೋಗಿ ಅಲ್ಲಷ್ಟೇ ಹಿಡಿಯುತ್ತದೆ. ಅದಕ್ಕೇ ಬಾಳಿಕೆ ಹೆಚ್ಚು. ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಇಂಥ ಕೂಲಂಟಿಗೆ ಹೇಳುವ ಆಯಸ್ಸು 12,000 ಗಂಟೆ ಅಥವಾ ಆರು ವರ್ಷ. ಅರ್ಧ ದಾರಿಯಲ್ಲಿ ಒಮ್ಮೆ ಎಕ್ಸ್‌ಟೆಂಡರ್ ಎಂಬ ಪೂರಕ ಸೇರಿಸಬೇಕು. ಹೆಚ್ಚು ಓಡುವ ಲಾರಿಗೆ ಇದು ನಿಜವಾದ ಲಾಭ. ನನ್ನ ಮತ ಕೇಳಿದರೆ ಬದಲಿಸಿ ಎಂದೇ ಹೇಳುತ್ತೇನೆ.

ಆದರೆ ಈ ಬಗೆಯ ಕೂಲಂಟಿಗೆ ಎರಡು ವೈರಿಗಳು. ಒಂದು ಬೆರಕೆ. ಹಳೆಯ ಬಗೆಯದು ಶೇ. 10ಕ್ಕಿಂತ ಹೆಚ್ಚು ಸೇರಿದರೆ ದೀರ್ಘಾಯುಷ್ಯದ ಲೆಕ್ಕ ಅಲ್ಲಿಗೆ ಮುಗಿಯಿತು, ಹಳೆಯ ಕೂಲಂಟಿನಂತೆಯೇ ನೋಡಿಕೊಳ್ಳಬೇಕಾಗುತ್ತದೆ. ಇಲ್ಲಿ ಬಣ್ಣವನ್ನು ನಂಬಬೇಡಿ. ಹಸಿರು, ಕೆಂಪು, ಗುಲಾಬಿ, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ ಮಾತ್ರ. ಯಾವ ಬಣ್ಣಕ್ಕೆ ಯಾವ ರಸಾಯನ ಎಂಬ ಕಾನೂನು ಎಲ್ಲೂ ಇಲ್ಲ. ಗುಲಾಬಿಗೆ ಗುಲಾಬಿ ಸೇರಿಸಿದೆ ಎಂದುಕೊಂಡು ಎರಡು ಬೇರೆ ಜಾತಿಯದನ್ನು ಬೆರೆಸಿರುತ್ತೀರಿ. ಇನ್ನೊಂದು ವೈರಿ ಗಾಳಿ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1990ರ ದಶಕದ ನಡುವೆ ತನ್ನ ಕಾರುಗಳಿಗೆ ಕಿತ್ತಳೆ ಬಣ್ಣದ ಇಂಥ ಕೂಲಂಟ್ ತುಂಬಿಸತೊಡಗಿದಾಗ, ಮಟ್ಟ ಇಳಿದು ಗಾಳಿ ಸೇರಿದ ಹಲವು ಇಂಜಿನ್ನುಗಳಲ್ಲಿ ಕಂದು ಕೆಸರು ಕಟ್ಟಿಕೊಂಡಿತು. ಗ್ಯಾಸ್ಕೆಟ್ ಹಾಳಾದ ದೂರುಗಳೂ ಸೇರಿ ಗ್ರಾಹಕರು ನ್ಯಾಯಾಲಯಕ್ಕೆ ಹೋದರು, 2008ರಲ್ಲಿ ಪರಿಹಾರದ ಒಪ್ಪಂದವಾಯಿತು. ಮಟ್ಟ ಇಳಿಯುವುದು ಎಂದರೆ ಸೋರಿಕೆ. ಗಾಳಿ ಬರುವುದೂ, ಬೆರಕೆ ಬರುವುದೂ ಅದೇ ತೂತಿನಿಂದ.

ಹೀಗಾಗಿ ನಾನು ಹೇಳುವ ಕ್ರಮ ಒಂದೇ: ಮೊದಲು ಸೋರಿಕೆ, ಆಮೇಲೆ ಕೂಲಂಟ್. ಗ್ಯಾರೇಜುಗಳಲ್ಲಿ ನಡೆಯುವುದು ಸಾಮಾನ್ಯವಾಗಿ ತಿರುಗಾಮುರುಗಾ.

ಕೂಲಂಟ್ ಬದಲಿಸಿದ ಮೇಲೆಯೇ ಸೋರಲು ಶುರುವಾಯಿತು, ಇದು ಕೆಟ್ಟ ಕೂಲಂಟ್ ಎಂಬ ದೂರನ್ನು ಹಲವರು ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಹಳೆಯ ಗಾಡಿಯ ಕೀಲುಗಳಲ್ಲಿ ವರ್ಷಗಟ್ಟಲೆ ಕೂತ ಗಸಿ, ತುಕ್ಕು, ಲವಣದ ಪದರವೇ ಎಷ್ಟೋ ಸಂದು ಮುಚ್ಚಿರುತ್ತದೆ. ಹಳತನ್ನು ತೊಳೆದು ಹೊಸ ಬಗೆ ತುಂಬಿಸಿದಾಗ ಆ ಪದರ ಕರಗುತ್ತ ಹೋಗುತ್ತದೆ, ಸಂದು ಬಾಯಿ ಬಿಡುತ್ತದೆ. ಕೆಲವು ಸಿಲಿಕೋನ್ ಹೋಸುಗಳಿಗೂ ಹಳೆಯ ಸೀಲುಗಳಿಗೂ ಈ ಹೊಸ ರಸಾಯನ ಹೊಂದುವುದಿಲ್ಲ. ಕೂಲಂಟ್ ತೂತು ಮಾಡಲಿಲ್ಲ, ಇದ್ದದ್ದನ್ನು ತೋರಿಸಿತು. ಬದಲಿಸುವ ದಿನವೇ ಹಳೆಯ ಹೋಸು, ಕ್ಲಾಂಪು, ಮುಚ್ಚಳಗಳನ್ನೂ ಬದಲಿಸಿದರೆ ಈ ತಾಪತ್ರಯ ಬಹುಪಾಲು ಇಲ್ಲ.

ಹುಡುಕುವುದು ಎಲ್ಲಿ? ಬೆಳಗಿನ ಜಾವದಲ್ಲಿ ಶುರುಮಾಡಿ. ರಾತ್ರಿ ನಿಂತ ಗಾಡಿ ತಣ್ಣಗಾಗಿ ಲೋಹ, ರಬ್ಬರು ಎರಡೂ ಕುಗ್ಗಿದಾಗ ಮಾತ್ರ ಸೋರುವ ಕೀಲುಗಳಿವೆ. ಇಂಜಿನ್ ಬಿಸಿಯಾದೊಡನೆ ಅವೇ ಹಿಗ್ಗಿ ಮುಚ್ಚಿಕೊಳ್ಳುತ್ತವೆ. ಮಧ್ಯಾಹ್ನ ಗ್ಯಾರೇಜಿಗೆ ತಂದರೆ ಮೇಸ್ತ್ರಿಗೆ ಏನೂ ಕಾಣದು. ಡಿಸೆಂಬರಿನ ಸಕಲೇಶಪುರದಲ್ಲಿ ಆರು ಗಂಟೆಗೆ ಟಾರ್ಚು ಹಿಡಿದು ನೋಡಿದರೆ ಕ್ಲಾಂಪಿನ ಕೆಳಗೆ ತೂಗುವ ಹನಿ ಕಾಣುತ್ತದೆ. ಸ್ಕ್ರೂ ತಿರುಗಿಸುವ ಸಾದಾ ಕ್ಲಾಂಪಿನ ಬದಲು ಸ್ಪ್ರಿಂಗ್ ಇರುವ, ಬಿಗಿ ತಾನೇ ಹೊಂದಿಸಿಕೊಳ್ಳುವ ಕ್ಲಾಂಪು ಹಾಕಿಸುವುದು ಇದಕ್ಕೆ ಪರಿಹಾರ. ಹನಿ ಕಾಣದಿದ್ದರೂ ಗುರುತು ಉಳಿದಿರುತ್ತದೆ. ಕೂಲಂಟ್ ಆರಿದ ಕಡೆ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹೊಪ್ಪಳೆ ಕಟ್ಟುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಅಂಚು, ಎಕ್ಸ್‌ಪಾನ್ಶನ್ ಟ್ಯಾಂಕಿನ ಬೆಸುಗೆ, ಹೋಸುಗಳ ಎರಡೂ ತುದಿ, ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು, ಇವನ್ನು ಬೆರಳಾಡಿಸಿ ನೋಡಬೇಕು. ಆ ಪಂಪಿನ ತೂತು ಬೇಕೆಂದೇ ಬಿಟ್ಟದ್ದು. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬಂದು ನಮ್ಮನ್ನು ಎಚ್ಚರಿಸಲಿ ಎಂದು. ಅಲ್ಲಿ ಒಣ ಕಲೆ ಇದ್ದರೆ ಗಾಬರಿ ಬೇಡ, ಹನಿಯುತ್ತಿದ್ದರೆ ಪಂಪು ಬದಲಿಸಬೇಕು. ಅದಕ್ಕೆ ಸ್ಕ್ರೂ ಜಡಿದು ಮುಚ್ಚಿದವರನ್ನು ನೋಡಿದ್ದೇನೆ. ಮುಂದೆ ಬೇರಿಂಗ್ ಒಡೆದು ಫ್ಯಾನು ರೇಡಿಯೇಟರನ್ನೇ ಕತ್ತರಿಸಬಹುದು.

ಕಣ್ಣಿಗೆ ಸಿಗದಿದ್ದರೆ ಪ್ರೆಶರ್ ಟೆಸ್ಟ್. ಮುಚ್ಚಳದ ಜಾಗಕ್ಕೆ ಕೂರುವ ಕೈಪಂಪಿನಿಂದ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಹಾಕಿ ಕಾಲುಗಂಟೆ ಬಿಡಬೇಕು. ಮುಳ್ಳು ಇಳಿದರೆ ಸೋರಿಕೆ ಖಚಿತ. ಹೊರಗೆಲ್ಲೂ ಹನಿ ಇಲ್ಲದೆ ಮುಳ್ಳು ಇಳಿದರೆ ಸೋರಿಕೆ ಒಳಗಿದೆ. ಅಂದರೆ ಹೆಡ್ ಗ್ಯಾಸ್ಕೆಟ್, ಲೈನರಿನ ಓ ರಿಂಗು, ಆಯಿಲ್ ಕೂಲರ್, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇ.ಜಿ.ಆರ್. ಇರುವ ಗಾಡಿಗಳಲ್ಲಿ ಅದರ ಕೂಲರ್. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೂ, ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದರೂ ಗಾಡಿಯನ್ನು ಇನ್ನೊಂದು ಕಿಲೋಮೀಟರೂ ಓಡಿಸಬಾರದು.

ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಕೂಡಲೇ ಹೆಡ್ ಬಿಚ್ಚಿಸುವ ಮುನ್ನ ಒಂದು ನಿಮಿಷ ನಿಲ್ಲಿ. ಲಾರಿಯ ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್ ಇದೆಯಲ್ಲ, ಬಹಳಷ್ಟು ಗಾಡಿಗಳಲ್ಲಿ ಅದು ತಣ್ಣಗಾಗುವುದೂ ಇದೇ ನೀರಿನಿಂದ. ಅದರ ಹೆಡ್ಡಿನ ಗ್ಯಾಸ್ಕೆಟ್ ಹೋದರೆ ಒತ್ತಿದ ಗಾಳಿ ನೀರಿಗೆ ನುಗ್ಗುತ್ತದೆ. ಲಕ್ಷಣವೆಲ್ಲ ಇಂಜಿನ್ ಹೆಡ್ ಗ್ಯಾಸ್ಕೆಟ್ಟಿನದೇ: ಗುಳ್ಳೆ, ಉಕ್ಕುವ ಟ್ಯಾಂಕು, ಗಟ್ಟಿಯಾಗಿ ಊದುವ ಹೋಸು. ಕಂಪ್ರೆಸರಿಗೆ ಹೋಗುವ ನೀರಿನ ಪೈಪುಗಳೆರಡನ್ನೂ ಬೇರ್ಪಡಿಸಿ, ಸ್ವಲ್ಪ ಹೊತ್ತು ಇಂಜಿನ್ ನಡೆಸಿ ನೋಡಿದರೆ ಯಾವುದು ಎಂದು ತಿಳಿಯುತ್ತದೆ. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಿ, ಬಣ್ಣ ಬದಲಾದರೆ ಸಿಲಿಂಡರಿನ ಅನಿಲ ಎಂದು ಕಂಡುಹಿಡಿಯುವ ಸರಳ ಸಾಧನವೂ ಇದೆ. ಕಂಪ್ರೆಸರಿನದು ಅರ್ಧ ದಿನದ ಕೆಲಸ. ಅದು ಗೊತ್ತಿಲ್ಲದೆ ಇಂಜಿನ್ ಹೆಡ್ ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ಮಾರನೆಯ ದಿನ ಮತ್ತೆ ಅದೇ ಗುಳ್ಳೆ ಕಂಡು ತಲೆಯ ಮೇಲೆ ಕೈ ಹೊತ್ತ ಮಾಲೀಕರಿದ್ದಾರೆ.

ದಾರಿಬದಿಯ ಉಪಾಯಗಳನ್ನು ನಾನು ಹೀಯಾಳಿಸುವುದಿಲ್ಲ. ನಡುರಾತ್ರಿ, ಮಳೆ, ಹಿಂದೆ ಸಾಲುಗಟ್ಟಿದ ಗಾಡಿಗಳು, ಅಂಥ ಹೊತ್ತಿನಲ್ಲಿ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಘಾಟಿ ದಾಟಿದ ಚಾಲಕನ ಬುದ್ಧಿಯನ್ನು ಮೆಚ್ಚಬೇಕು. ಪುಡಿ ಸೋರುವ ಬಿರುಕಿನಲ್ಲಿ ಸಿಕ್ಕಿ, ಉಬ್ಬಿ, ಒಣಗಿ ಮುಚ್ಚುತ್ತದೆ. ಆದರೆ ಬಿರುಕಿಗೆ ಸಿಕ್ಕಿಕೊಂಡ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಸಿಕ್ಕಿಕೊಳ್ಳುತ್ತದೆ. ಊರು ಸೇರಿದ ದಿನವೇ ತೊಳೆಸಿ ಬೆಸುಗೆ ಹಾಕಿಸಬೇಕಾದ್ದನ್ನು ಆರು ತಿಂಗಳು ಬಿಡುವುದು ತಪ್ಪು. ಬಾಟಲಿಯಲ್ಲಿ ಬರುವ ಸೋರಿಕೆ ತಡೆಯುವ ಪುಡಿಗಳಿಗೂ ಇದೇ ಮಾತು. ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತುಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾರೆ. ಅದನ್ನು ಕಿತ್ತರೆ ಬಯಲಿನಲ್ಲಿ ಇಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ತಿನ್ನುತ್ತದೆ, ಲೈನರು ಬೇಗ ಸವೆಯುತ್ತದೆ. ಇನ್ನು ಹಲವು ಇಂಜಿನ್ನುಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಹೀಟು ತಪ್ಪಿಸಲು ಕಿತ್ತದ್ದೇ ಘಾಟಿಯಲ್ಲಿ ಹೀಟಿಗೆ ಕಾರಣವಾಗುತ್ತದೆ.

ಸೋರಿಕೆ ನಿಂತಿತು, ಈಗ ಬದಲಿಸೋಣ. ಇಂಜಿನ್ ಬೆಚ್ಚಗಿರಬೇಕು, ಬಿಸಿಯಿರಬಾರದು. ರೇಡಿಯೇಟರಿನ ಕೆಳಗಿನ ನಲ್ಲಿಯೊಂದನ್ನೇ ತೆರೆದರೆ ಸಾಲದು, ಬ್ಲಾಕಿನ ಡ್ರೈನ್ ಪ್ಲಗ್ಗೂ ಬಿಚ್ಚಬೇಕು. ಹಳೆಯದು ಅಲ್ಲೇ ಅಡಗಿರುತ್ತದೆ. ಆಮೇಲೆ ಶುದ್ಧ ನೀರು ತುಂಬಿ, ಥರ್ಮೋಸ್ಟಾಟ್ ತೆರೆಯುವವರೆಗೆ ಇಂಜಿನ್ ನಡೆಸಿ, ಬಸಿದು, ನೀರು ತಿಳಿಯಾಗಿ ಬರುವತನಕ ಹೀಗೇ ಮಾಡಬೇಕು. ಎರಡು ಮೂರು ಸಲ ಬೇಕಾಗುತ್ತದೆ, ಗಸಿ ಕಟ್ಟಿದ ಗಾಡಿಗೆ ಇನ್ನೂ ಹೆಚ್ಚು. ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎಷ್ಟೇ ಬಸಿದರೂ ತೊಳೆದ ನೀರು ಒಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ. ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ್ದನ್ನು ಸುರಿದರೆ ಒಟ್ಟು ಮಿಶ್ರಣ ತೆಳುವಾಗುತ್ತದೆ. ಒಟ್ಟು 30 ಲೀಟರಿನ ವ್ಯವಸ್ಥೆಯಾದರೆ ಮೊದಲು 15 ಲೀಟರ್ ನೀರು ಬೆರೆಸದ ಕೂಲಂಟ್ ಹಾಕಿ, ಉಳಿದ ಜಾಗವನ್ನು ಖನಿಜ ತೆಗೆದ ನೀರಿನಿಂದ ತುಂಬಿಸಿ. ಔಷಧ ತುಂಬಿದ ಹಳೆಯ ಕೂಲಂಟ್ ಫಿಲ್ಟರ್ ಇರುವ ಗಾಡಿಯಾದರೆ ಅದನ್ನು ತೆಗೆದು ಔಷಧವಿಲ್ಲದ ಫಿಲ್ಟರ್ ಹಾಕಿಸಿ. ನಿಧಾನವಾಗಿ ತುಂಬಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿ ಏರ್ ಲಾಕ್ ಆದೀತು. ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ಮಟ್ಟ ನೋಡಿ. ರಿಫ್ರಾಕ್ಟೋಮೀಟರ್ ಎಂಬ ಗೇಣುದ್ದದ ಸಾಧನಕ್ಕೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ ಮಿಶ್ರಣ ಎಷ್ಟಿದೆ ಎಂದು ಗೆರೆ ತೋರಿಸುತ್ತದೆ. ನಾಲ್ಕು ಗಾಡಿ ಇಟ್ಟುಕೊಂಡವರೂ ಇದನ್ನು ಕೊಳ್ಳಬಹುದು, ಕೊಳ್ಳಲೇಬೇಕು.

ಬಸಿದ ಹಳೆಯ ಕೂಲಂಟನ್ನು ಚರಂಡಿಗೆ ಬಿಡಬೇಡಿ, ಗ್ಯಾರೇಜಿನ ಮೂಲೆಯಲ್ಲಿ ತೆರೆದ ಬಕೆಟ್ಟಿನಲ್ಲಿ ಇಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು, ದನ ನೆಕ್ಕುತ್ತವೆ. ಹೊಟ್ಟೆಗೆ ಹೋದದ್ದು ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಮಕ್ಕಳಿಗೂ ಅಷ್ಟೇ ಅಪಾಯ. ತಂಪು ಪಾನೀಯದ ಬಾಟಲಿಗೆ ಕೂಲಂಟ್ ತುಂಬಿ ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಮುಚ್ಚಳದ್ದೂ ಒಂದು ಎಚ್ಚರಿಕೆ: ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದು ಮುಖ, ಎದೆ ಸುಟ್ಟುಕೊಂಡ ಕ್ಲೀನರ್ ಹುಡುಗರು ಪ್ರತಿ ಲಾರಿ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ; ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಲಾರಿ ಮಾಲೀಕರಲ್ಲಿ ನನ್ನದೊಂದು ವಿನಂತಿ. ಘಾಟಿಯಲ್ಲಿ ಆ ಹುಡುಗ ಹಳ್ಳಕ್ಕೆ ಇಳಿದದ್ದು ಕ್ಯಾಬಿನ್ನಿನಲ್ಲಿ ಸುರಿಯಲು ಬೇರೇನೂ ಇಲ್ಲದ್ದರಿಂದ. ಇಂಜಿನ್ನಿನಲ್ಲಿರುವ ಅದೇ ಕೂಲಂಟನ್ನು ನೀರು ಬೆರೆಸಿ ಐದು ಲೀಟರಿನ ಕ್ಯಾನಿಗೆ ತುಂಬಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಚಾಲಕನ ಕೈಗೆ ಕೊಡಿ. ಅದೇ ಹೆಸರಿನ ಚೀಟಿಯನ್ನು ಟ್ಯಾಂಕಿನ ಮೇಲೂ ಅಂಟಿಸಿ. ಯಾವ ದಿನ ಎಷ್ಟು ಹಾಕಿದೆ ಎಂದು ಡೀಸೆಲ್ ಬರೆಯುವ ಪುಸ್ತಕದಲ್ಲೇ ಬರೆಯಲು ಹೇಳಿ, ಬರೆದದ್ದಕ್ಕೆ ಬೈಯಬೇಡಿ. ಒಂದು ತಿಂಗಳಲ್ಲಿ ಎರಡು ಸಲ ಹಾಕಿದ್ದು ಕಂಡರೆ ಮುಂದಿನ ಲೋಡು ಒಪ್ಪಿಕೊಳ್ಳುವ ಮೊದಲು, ಗಾಡಿ ತಣ್ಣಗಿರುವ ಬೆಳಿಗ್ಗೆ, ಟಾರ್ಚು ಹಿಡಿದು ಕೆಳಗೆ ತೂರಿ ನೋಡಿ.